ಹಳೆ ಸ್ಪೀಕರ್‌ಗೆ ಒರಿಜಿನಲ್ ಡ್ರೈವರ್: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಹಳೆಯ ಸ್ಪೀಕರ್‌ಗಳದ್ದೇ ಮಾತು. ಇಲ್ಲಿ ಡ್ರೈವರ್ ಎಂದರೆ ಪೆಟ್ಟಿಗೆಯೊಳಗಿನ ವೂಫರ್ (ಕೆಳಗಿನ ಸ್ವರಕ್ಕೆ), ಮಿಡ್‌ರೇಂಜ್ (ನಡುವಿನದಕ್ಕೆ), ಟ್ವೀಟರ್ (ಮೇಲಿನದಕ್ಕೆ). ಬರೆದವರೆಲ್ಲರಿಗೂ ಮೊದಲೇ ಒಂದು ಮಾತು: ಸುಟ್ಟದ್ದಾಗಲಿ ಹರಿದದ್ದಾಗಲಿ, ಹಳೆಯ ಡ್ರೈವರನ್ನು ಗುಜರಿಗೆ ಹಾಕಬೇಡಿ. ಅದರ ಚೌಕಟ್ಟು ಸೊಟ್ಟಗಾಗದೆ, ಮ್ಯಾಗ್ನೆಟ್ ಅಲುಗದೆ ಇದ್ದರೆ ನೀವು ಹುಡುಕುತ್ತಿರುವ ಒರಿಜಿನಲ್‌ನ ಬಹುಪಾಲು ನಿಮ್ಮ ಮನೆಯಲ್ಲೇ ಇದೆ.

ನಮ್ಮಲ್ಲಿ ಜೆಬಿಎಲ್ ಎಲ್-100 ಜೋಡಿ ಇದೆ. ಒಂದರ ವೂಫರ್ ಸುಟ್ಟಾಗ ಅಂಗಡಿಯವರು ಬೇರೆ 12 ಇಂಚಿನ ವೂಫರ್ ಕೂರಿಸಿಕೊಟ್ಟರು. ಈಗ ಆ ಬದಿಯಲ್ಲಿ ಹಾಡುವವರ ದನಿ ಕಿರುಚಿದಂತಿದೆ, ಬಾಸ್ ಮಾತ್ರ ತೆಳು. ಒರಿಜಿನಲ್ ಎಲ್ಲಿ ಸಿಗುತ್ತದೆ? — ಓದುಗರು, ಕೌಲ್ ಬಜಾರ್, ಬಳ್ಳಾರಿ

ಎಲ್ಲಿ ಸಿಗುತ್ತದೆ ಎನ್ನುವುದಕ್ಕಿಂತ ಮೊದಲು ಯಾವುದನ್ನು ಕೇಳಬೇಕು ಎಂದು ಗೊತ್ತಿರಲಿ. 1970ರ ಎಲ್-100 ಸೆಂಚುರಿಯ ವೂಫರ್ 123ಎ, ಮಿಡ್‌ರೇಂಜ್ ಎಲ್‌ಇ5-2, ಟ್ವೀಟರ್ ಎಲ್‌ಇ25. ಹುಡುಕುವಾಗ ‘ಎಲ್-100 ವೂಫರ್’ ಎಂದು ಕೇಳಿದರೆ ಅದಕ್ಕೆ ‘ಹೊಂದುವ’ ಸಾಮಾನುಗಳೆಲ್ಲ ಎದುರಿಗೆ ಬಂದು ಬೀಳುತ್ತವೆ. ‘123ಎ’ ಎಂದೇ ಕೇಳಿ. ಇದೇ ವೂಫರ್‌ನ ಸ್ಟುಡಿಯೋ ರೂಪ 2213, ಅದರ ಫೆರೈಟ್ ಮ್ಯಾಗ್ನೆಟ್ ಆವೃತ್ತಿ 2213ಎಚ್. ಜೆಬಿಎಲ್‌ನ 4311 ಸಾಲಿನ ಮಾನಿಟರ್‌ಗಳಿಂದ ಬಿಚ್ಚಿದ ಇಂಥ ವೂಫರ್‌ಗಳು ಆಗಾಗ ಮಾರಾಟಕ್ಕೆ ಬರುತ್ತವೆ, 123ಎಗಿಂತ ಬೇಗ ಕೈಗೆ ಸಿಗುತ್ತವೆ. 2213ಎಚ್ ಹಾಕುವುದಾದರೆ ಎರಡೂ ಬದಿಗೆ ಹಾಕಿ. ಒಂದು ಕಡೆ 123ಎಯ ಆಲ್ನಿಕೋ ಮ್ಯಾಗ್ನೆಟ್, ಇನ್ನೊಂದು ಕಡೆ ಫೆರೈಟ್ ಬೇಡ.

ಬೇರೆ ವೂಫರ್ ಯಾಕೆ ಕಿರುಚುತ್ತದೆ ಎನ್ನುವುದಕ್ಕೆ ಕಾರಣ ಕ್ರಾಸೋವರ್‌ನಲ್ಲಿದೆ, ಅಂದರೆ ಸ್ವರಗಳನ್ನು ಡ್ರೈವರ್‌ಗಳಿಗೆ ಹಂಚುವ ಸರ್ಕ್ಯೂಟ್‌ನಲ್ಲಿ. ಎಲ್-100 ಪೆಟ್ಟಿಗೆಯಲ್ಲಿ ವೂಫರ್‌ನ ದಾರಿಗೆ ಕಾಯಿಲ್ ಇಲ್ಲ, ಫಿಲ್ಟರ್ ಇಲ್ಲ. ಆಂಪ್ಲಿಫೈಯರ್‌ನಿಂದ ಬಂದ ಸಿಗ್ನಲ್ ಪೂರ್ತಿಯಾಗಿ ವೂಫರ್‌ಗೇ ಹೋಗುತ್ತದೆ. ಮಿಡ್‌ಗೆ ಒಂದು ಕೆಪಾಸಿಟರ್, ಟ್ವೀಟರ್‌ಗೆ ಇನ್ನೊಂದು, ಎರಡರ ಮಟ್ಟ ಏರಿಳಿಸಲು ಎರಡು ಗುಂಡಿ, ಅಷ್ಟೇ. ಮೇಲಿನ ಸ್ವರಗಳನ್ನು ತಗ್ಗಿಸುವ ಕೆಲಸವನ್ನು 123ಎಯ ಬಿಳಿ ಲೇಪನದ ಭಾರದ ಕೋನ್ (ಆಡುತ್ತಾ ಸದ್ದು ಹೊರಡಿಸುವ ಭಾಗ) ತಾನೇ ಮಾಡುತ್ತದೆ. ಸಭೆ ಸಮಾರಂಭಕ್ಕೆ ಬಳಸುವ ಪಿಎ ಸ್ಪೀಕರ್‌ನ ಹಗುರ ಕೋನಿನ ವೂಫರ್ ಅಲ್ಲಿ ಕೂತರೆ 2000, 3000 ಹರ್ಟ್ಜ್‌ವರೆಗೂ ಜೋರಾಗಿ ಹಾಡುತ್ತದೆ, ಮಿಡ್‌ರೇಂಜ್ ಜೊತೆ ಜಗಳಕ್ಕೆ ಬೀಳುತ್ತದೆ. ಕೆಳಗಿನ ಸ್ವರಕ್ಕೆ ಬೇಕಾದ ಮೆತುತನ ಅದರ ಅಂಚಿನಲ್ಲಿ ಇರುವುದಿಲ್ಲ. ನಿಮಗೆ ಕೇಳಿಸಿದ ಎರಡೂ ದೋಷಕ್ಕೆ ಇದೇ ಮೂಲ.

ಬಾಸ್ ತೆಳುವಾಗಲು ಇನ್ನೊಂದು ಕಾರಣವೂ ಇದ್ದೀತು. ಆ ಕಾಲದ ಜೆಬಿಎಲ್ ಡ್ರೈವರ್‌ಗಳ ಪೊಲಾರಿಟಿ ಉಳಿದವರದ್ದಕ್ಕೆ ತಿರುಗುಮುರುಗು. ಕೆಂಪು ಟರ್ಮಿನಲ್‌ಗೆ 1.5 ವೋಲ್ಟ್ ಸೆಲ್‌ನ ಪ್ಲಸ್ ಮುಟ್ಟಿಸಿದರೆ ಜೆಬಿಎಲ್ ಕೋನ್ ಒಳಗೆ ಸರಿಯುತ್ತದೆ, ಬೇರೆ ಕಂಪನಿಯದ್ದು ಹೊರಗೆ ಬರುತ್ತದೆ. ಹಳೆಯ ವೈರನ್ನು ಹಾಗೆಯೇ ಜೋಡಿಸಿದ್ದರೆ ಒಂದು ಪೆಟ್ಟಿಗೆ ಗಾಳಿ ನೂಕುವಾಗ ಇನ್ನೊಂದು ಎಳೆಯುತ್ತದೆ, ಬಾಸ್ ಕೋಣೆಯ ನಡುವೆಯೇ ಸತ್ತುಹೋಗುತ್ತದೆ. ಒರಿಜಿನಲ್ ಸಿಗುವವರೆಗೆ ಆ ಬದಿಯ ವೂಫರ್‌ನ ಎರಡು ವೈರನ್ನು ಅದಲುಬದಲು ಮಾಡಿ ಕೇಳಿ ನೋಡಿ.

ಇನ್ನು ಸುಟ್ಟ 123ಎ ಎಲ್ಲಿದೆ? ಅಂಗಡಿಯಲ್ಲೇ ಬಿದ್ದಿದ್ದರೆ ಇಂದೇ ಹೋಗಿ ತನ್ನಿ. ವಾಯ್ಸ್ ಕಾಯಿಲ್ (ಕೋನಿಗೆ ಅಂಟಿ ಅದನ್ನು ಆಡಿಸುವ ತಂತಿ ಸುರುಳಿ) ಮಾತ್ರ ಹೋಗಿದ್ದರೆ ಹೊಸ ಕಾಯಿಲ್, ಹೊಸ ಕೋನ್ ಕೂರಿಸಿ ಅದನ್ನು ಬದುಕಿಸಬಹುದು. ಕೆಲಸ ಮಾಡುವವರಿಗೆ ಒಂದು ಕಟ್ಟುನಿಟ್ಟು ಹೇಳಿ: ಗ್ಯಾಪ್ (ಮ್ಯಾಗ್ನೆಟ್‌ನಲ್ಲಿ ಕಾಯಿಲ್ ಆಡುವ ಸಂದು) ಶುಚಿ ಮಾಡುವ ನೆಪದಲ್ಲಿ ಆಲ್ನಿಕೋ ಮ್ಯಾಗ್ನೆಟ್ ಬಿಚ್ಚಬಾರದು. ಆಲ್ನಿಕೋ ಮ್ಯಾಗ್ನೆಟ್ಟನ್ನು ಅದರ ಕಬ್ಬಿಣದ ಪ್ಲೇಟ್‌ಗಳಿಂದ ಬೇರ್ಪಡಿಸಿದ ಕೂಡಲೇ ಅದರ ಬಲ ಬಹಳಷ್ಟು ಇಳಿಯುತ್ತದೆ. ಮರುಜೋಡಿಸಿದರೂ ವಾಪಸ್ ಬರುವುದಿಲ್ಲ, ಯಂತ್ರದಲ್ಲಿಟ್ಟು ಮತ್ತೆ ಮ್ಯಾಗ್ನೆಟೈಸ್ ಮಾಡಿಸಬೇಕು.

ಡ್ರೈವರ್ ಹುಡುಕಲು ಹೊರಡುವ ಮುಂಚೆ ಕೆಟ್ಟಿರುವುದು ಡ್ರೈವರೇ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ? ನನ್ನ ಸ್ಪೀಕರ್‌ನ ಒಂದು ಟ್ವೀಟರ್ ಬಹಳ ಸಣ್ಣಗೆ ಕೇಳುತ್ತಿದೆ. — ಓದುಗರು, ಲಿಂಗಸೂಗೂರು

ಎರಡು ಪೆಟ್ಟಿಗೆಯ ಟ್ವೀಟರ್‌ಗಳನ್ನು ಅದಲುಬದಲು ಮಾಡಿ. ದೋಷ ಟ್ವೀಟರ್ ಜೊತೆ ಹೋದರೆ ಟ್ವೀಟರ್ ಕೆಟ್ಟಿದೆ. ದೋಷ ಪೆಟ್ಟಿಗೆಯಲ್ಲೇ ಉಳಿದರೆ ಕ್ರಾಸೋವರ್ ಕೆಟ್ಟಿದೆ. ‘ಸಣ್ಣಗೆ ಕೇಳುತ್ತದೆ’ ಎನ್ನುವ ದೂರಿಗೆ ಹೆಚ್ಚಾಗಿ ಕಾರಣ ಎರಡನೆಯದು. ಸುಟ್ಟ ಟ್ವೀಟರ್ ಸಾಮಾನ್ಯವಾಗಿ ಪೂರ್ತಿ ಮೂಕವಾಗಿರುತ್ತದೆ.

ಹಿಂಬದಿಯ ಲೆವೆಲ್ ಗುಂಡಿಯನ್ನು ಇಪ್ಪತ್ತು ಮೂವತ್ತು ಸಲ ಕೊನೆಯಿಂದ ಕೊನೆಗೆ ತಿರುಗಿಸಿ. ಕಿಲುಬು ಹಿಡಿದ ಸಂಪರ್ಕ ಇದ್ದರೆ ಕರಕರ ಎಂದು ದನಿ ಮರಳುತ್ತದೆ. ಆಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ. ಅದೂ ಅಲ್ಲದಿದ್ದರೆ ಬೈಪೋಲಾರ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿದೆ. ಅದೇ ಮೈಕ್ರೋಫ್ಯಾರಡ್‌ನ, 100 ವೋಲ್ಟ್‌ನ ಬೈಪೋಲಾರ್ ಹಾಕಿ. ಮಾಮೂಲಿ ಪ್ಲಸ್ ಮೈನಸ್ ಗುರುತಿನ ಕೆಪಾಸಿಟರ್ ಇಲ್ಲಿ ನಡೆಯದು. ದುಬಾರಿ ಫಿಲ್ಮ್ ಕೆಪಾಸಿಟರ್ ಹಾಕಿದರೆ ಟ್ವೀಟರ್ ಮೊದಲಿಗಿಂತ ಚುರುಕಾಗಬಹುದು, ಯಾಕೆಂದರೆ ಹಳೆಯದರ ಒಳಗಿದ್ದ ಅಲ್ಪಸ್ವಲ್ಪ ರೆಸಿಸ್ಟೆನ್ಸ್ ಇದರಲ್ಲಿಲ್ಲ. ಕಿವಿಗೆ ಚುಚ್ಚಿದರೆ ಸರಣಿಯಲ್ಲಿ ಅರ್ಧದಿಂದ ಒಂದು ಓಮ್, 5 ವ್ಯಾಟ್‌ನ ರೆಸಿಸ್ಟರ್ ಸೇರಿಸಿ. ಎರಡೂ ಪೆಟ್ಟಿಗೆಗೆ ಒಟ್ಟಿಗೇ ಬದಲಿಸಿ.

ಎಆರ್-3ಎ ಜೋಡಿಯ ವೂಫರ್ ಅಂಚಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತಿದೆ. ಹೊಸ ವೂಫರ್ ಕೊಳ್ಳಲೋ, ಫೋಮ್ ಬದಲಿಸಲೋ? ಫೋಮ್ ನಾನೇ ಹಾಕಬಹುದೇ? — ಓದುಗರು, ರಾಯಚೂರು

ಫೋಮ್ ಬದಲಿಸಿ. ಇದರಲ್ಲಿ ನಮಗೆ ಎರಡು ಮಾತಿಲ್ಲ. ಎಆರ್ ಕಂಪನಿಯ ಸ್ಪೀಕರ್‌ಗಳು ಗಾಳಿಯಾಡದ ಪೆಟ್ಟಿಗೆಯವು. 1954ರ ಎಆರ್-1ರಿಂದ ಎಡ್ಗರ್ ವಿಲ್ಚರ್ ತಂದ ಪದ್ಧತಿ ಅದು. ಕೋನನ್ನು ಹಿಂದಕ್ಕೆ ತರುವ ಸ್ಪ್ರಿಂಗ್‌ನ ಕೆಲಸವನ್ನು ಪೆಟ್ಟಿಗೆಯೊಳಗಿನ ಗಾಳಿಯೇ ಮಾಡುತ್ತದೆ, ವೂಫರ್‌ನ ಸ್ವಂತ ಅಂಚು, ಸ್ಪೈಡರ್ (ಕೋನನ್ನು ಹಿಂದಿನಿಂದ ಹಿಡಿದಿಡುವ ಸುಕ್ಕು ಬಟ್ಟೆ) ತೀರಾ ಮೆತು. ಬಿಡಿಯಾಗಿ ಹಿಡಿದರೆ 3ಎ ವೂಫರ್‌ನ ಅನುರಣನ (ಕೋನ್ ತಾನಾಗಿ ಹೆಚ್ಚು ಆಡುವ ಸ್ವರ) 18 ಹರ್ಟ್ಜ್ ಆಸುಪಾಸು, ಪೆಟ್ಟಿಗೆಯೊಳಗೆ ಅದು 40ರ ಮೇಲೆ ಬಂದು ನಿಲ್ಲುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ಪಿಎ ವೂಫರ್ ಬಿಡಿಯಾಗಿಯೇ 40, 50 ಹರ್ಟ್ಜ್‌ನಲ್ಲಿ ಇರುತ್ತದೆ. ಅದನ್ನು ಈ ಪೆಟ್ಟಿಗೆಗೆ ಹಾಕಿದರೆ ಕೆಳಗಿನ ಸ್ವರ ಪೂರ್ತಿ ಹೋಗುತ್ತದೆ. ಜೊತೆಗೆ ಇದು 4 ಓಮ್ ಸ್ಪೀಕರ್. 8 ಓಮ್ ವೂಫರ್ ಕೂರಿಸಿದರೆ 575 ಹರ್ಟ್ಜ್‌ಗೆ ಲೆಕ್ಕ ಹಾಕಿದ ಕ್ರಾಸೋವರ್ ದಾರಿ ತಪ್ಪುತ್ತದೆ.

ಮೊದಲು ಒಂದು ಪರೀಕ್ಷೆ. ಮಲ್ಟಿಮೀಟರ್‌ನಲ್ಲಿ ಕಾಯಿಲ್ 3 ಓಮ್ ಆಸುಪಾಸು ತೋರಿಸಬೇಕು. ಕೋನಿನ ಎರಡು ಬದಿ ಹೆಬ್ಬೆರಳಿಟ್ಟು ಸಮನಾಗಿ ಒತ್ತಿದಾಗ ಉಜ್ಜುವ ಸದ್ದು ಬರಬಾರದು. ಎರಡೂ ಸರಿಯಿದ್ದರೆ ನಿಮ್ಮ ಡ್ರೈವರ್ ಬದುಕಿದೆ, ಅಂಚು ಮಾತ್ರ ಸತ್ತಿದೆ. ಹರಿದ ಅಂಚಿನಲ್ಲಿ ಒಂದು ದಿನವೂ ಜೋರಾಗಿ ಬಾರಿಸಬೇಡಿ. ಕೋನ್ ಓರೆಯಾಗಿ ಕುಣಿದು ಕಾಯಿಲ್ ಉಜ್ಜಿದರೆ ಕೆಲಸ ದೊಡ್ಡದಾಗುತ್ತದೆ.

ಫೋಮ್ ತರಿಸುವಾಗ ‘12 ಇಂಚು’ ಎಂದು ಹೇಳಿ ತರಿಸಬೇಡಿ. 12 ಇಂಚಿನ ಹೆಸರಿನಲ್ಲಿ ಹತ್ತಾರು ಅಳತೆ ಇವೆ. ಕೋನಿನ ಹೊರ ವ್ಯಾಸ, ಫೋಮ್ ಅಂಟಿದ್ದ ಪಟ್ಟಿಯ ಅಗಲ, ಉಬ್ಬಿನ ಅಗಲ, ಚೌಕಟ್ಟಿನ ಒಳ ಮತ್ತು ಹೊರ ವ್ಯಾಸ, ಇಷ್ಟನ್ನೂ ಮಿಲಿಮೀಟರ್‌ನಲ್ಲಿ ಅಳೆದು ಕಳಿಸಿ. ಫೋಮ್‌ನ ಒಳತುಟಿ ಚಪ್ಪಟೆಯೋ ಕೋನಿನಂತೆ ಓರೆಯೋ, ಅಂಟಿದ್ದು ಕೋನಿನ ಮೇಲೋ ಕೆಳಗೋ ಎಂಬುದನ್ನು ಕೆರೆಯುವ ಮುಂಚೆಯೇ ಫೋಟೋ ತೆಗೆದಿಡಿ. ಈ ವೂಫರ್‌ಗೆ ಗಟ್ಟಿ ಫೋಮ್ ಬರಬಾರದು. ಬೆರಳಿಗೆ ಸಿಕ್ಕಿದ್ದೇ ಗೊತ್ತಾಗದಷ್ಟು ಮೆತು ಇರಬೇಕು.

ಹಳೆ ಫೋಮನ್ನು ಮೊಂಡು ಚಾಕುವಿನಿಂದ ಕೆರೆಯಿರಿ. ಜಿಗುಟು ಉಳಿದರೆ ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಸ್ವಲ್ಪ ಸ್ವಲ್ಪವೇ ಉಜ್ಜಿ. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ತೆಗೆಯುವ ದ್ರಾವಣ ಬೇಡವೇ ಬೇಡ, ಅವು ಕೋನಿನ ಲೇಪನವನ್ನೂ ಕಾಯಿಲ್‌ನ ಅಂಟನ್ನೂ ಕರಗಿಸುತ್ತವೆ. ಕಾಗದದ ಕೋನಿಗೆ ಬಿಳಿ ಪಿವಿಎ ಅಂಟು, ಅಂದರೆ ನಮ್ಮ ಫೆವಿಕಾಲ್, ಚೆನ್ನಾಗಿಯೇ ಹಿಡಿಯುತ್ತದೆ. ತಪ್ಪಾಗಿ ಕೂತರೆ ಒಣಗುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಶುರು ಮಾಡಬಹುದು. ರಬ್ಬರ್ ಅಂಟಿನಲ್ಲಿ ಈ ಅವಕಾಶವಿಲ್ಲ.

ಮೊದಲ ದಿನ ಫೋಮನ್ನು ಕೋನಿಗೆ ಮಾತ್ರ ಅಂಟಿಸಿ. ಎರಡು ಮಿಲಿಮೀಟರ್ ದಪ್ಪದ ಗೆರೆ ಎಳೆದು ಬ್ರಷ್‌ನಲ್ಲಿ ಹರಡಿದರೆ ಸಾಕು. ಬೆರಳ ತುದಿಯಲ್ಲಿ ಒತ್ತುತ್ತಾ ಸುತ್ತು ಬನ್ನಿ, ರಾತ್ರಿಯಿಡೀ ಬಿಡಿ. ಮರುದಿನ ಚೌಕಟ್ಟಿಗೆ. ಕೋನನ್ನು ನಟ್ಟನಡುವೆ ನಿಲ್ಲಿಸುವುದೇ ಇಡೀ ಕೆಲಸದ ಪ್ರಾಣ. ಡಸ್ಟ್ ಕ್ಯಾಪ್ (ಕೋನಿನ ನಡುವಿನ ಮುಚ್ಚಳ) ಕತ್ತರಿಸಿ ತೆಗೆಯುವ ಧೈರ್ಯವಿದ್ದರೆ ಕಾಯಿಲ್ ಮತ್ತು ನಡುವಿನ ಕಂಬದ ಮಧ್ಯೆ ಹಳೆ ಎಕ್ಸ್-ರೇ ಫಿಲ್ಮಿನ ನಾಲ್ಕು ಪಟ್ಟಿ ಇಳಿಸಿ. ಸಡಿಲವಾದರೆ ಎರಡು ಪದರ ಮಾಡಿ. ಧೈರ್ಯವಿಲ್ಲದಿದ್ದರೆ ಅಂಟು ಹಸಿಯಿರುವಾಗ ಫೋನಿನ ಟೋನ್ ಆ್ಯಪ್‌ನಿಂದ ಆಂಪ್ಲಿಫೈಯರ್ ಮೂಲಕ 30 ಹರ್ಟ್ಜ್ ಸಣ್ಣಗೆ ಕೊಡಿ. ಕೋನ್ ಮೂರ್ನಾಲ್ಕು ಮಿಲಿಮೀಟರ್ ಆಡಬೇಕು. ಕೆರೆತ ಕೇಳಿಸಿದರೆ ಫೋಮನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ. ಸದ್ದು ನಿಂತ ಕಡೆ ಬಿಡಿ, ಅಂಟು ಬಿಗಿಯುವವರೆಗೆ ಟೋನ್ ಓಡಲಿ.

ರಾಯಚೂರಿನ ಬೇಸಿಗೆಗೆ ಒಂದು ಎಚ್ಚರಿಕೆ. ಏಪ್ರಿಲ್, ಮೇ ಮಧ್ಯಾಹ್ನ ಫೆವಿಕಾಲ್ ನಿಮಿಷಗಳಲ್ಲೇ ಹೆಪ್ಪುಗಟ್ಟುತ್ತದೆ, ನಡು ಹಿಡಿಯಲು ಸಮಯ ಸಿಗುವುದಿಲ್ಲ. ಬೆಳಿಗ್ಗೆ ಆರರ ಹೊತ್ತಿಗೆ ಫ್ಯಾನ್ ಆರಿಸಿ ಕೂರಿ. ಫೋಮನ್ನು ತಿನ್ನುವುದು ಬಿಸಿಲು ಮತ್ತು ಗಾಳಿಯ ತೇವ. ಪಶ್ಚಿಮದ ಕಿಟಕಿಯ ಎದುರು ಸ್ಪೀಕರ್ ಇಡಬೇಡಿ.

ಇನ್ನೊಂದು ವಿಷಯ: ಮೊದಮೊದಲ ಎಆರ್ ವೂಫರ್‌ಗಳ ಅಂಚು ಬಟ್ಟೆಯದು, ಫೋಮ್ ಅಲ್ಲ. ಬಟ್ಟೆಯಂಚು ಕೊಳೆಯುವುದಿಲ್ಲ, ಅದರ ಲೇಪನ ಒಣಗಿ ಗಾಳಿ ಸೋರುತ್ತದೆ. ಅಂಥದ್ದನ್ನು ಕಿತ್ತು ಫೋಮ್ ಹಾಕುವುದು ಅನ್ಯಾಯ. ಬ್ಯುಟೈಲ್ ರಬ್ಬರ್ ಆಧಾರದ ಲೇಪನವನ್ನು ತೆಳ್ಳಗೆ ಬಳಿದರೆ ಸರಿಹೋಗುತ್ತದೆ. ಪೆಟ್ಟಿಗೆಯೊಳಗಿನ ಗಾಜುನಾರನ್ನು ಕೈಗವಸು, ಮಾಸ್ಕ್ ಹಾಕಿಕೊಂಡು ತೆಗೆಯಿರಿ, ತೂಕ ಮಾಡಿ ಅಷ್ಟನ್ನೇ ವಾಪಸ್ ತುಂಬಿ. ಕಡಿಮೆಯಾದರೆ ಬಾಸ್ ಗುಂಯ್‌ಗುಡುತ್ತದೆ.

ನಮ್ಮ ಮನೆ ಸ್ಟೀಲ್ ಕಾರ್ಖಾನೆ, ಅದಿರು ಲಾರಿಗಳ ದಾರಿಯಲ್ಲಿದೆ. ಎರಡು ವೂಫರ್‌ಗಳೂ ಈಗ ಕೆರೆಯುವ ಸದ್ದು ಮಾಡುತ್ತಿವೆ. ಬದಲಿ ಹುಡುಕಬೇಕೇ? — ಓದುಗರು, ತೋರಣಗಲ್ಲು

ಇನ್ನೂ ಬೇಡ. ಸಂಡೂರಿನ ಅದಿರು ಬಹುಪಾಲು ಹೆಮಟೈಟ್, ಅದನ್ನು ಮ್ಯಾಗ್ನೆಟ್ ಅಷ್ಟಾಗಿ ಎಳೆಯುವುದಿಲ್ಲ. ಎಳೆಯುವುದು ಅದರ ಜೊತೆಗಿರುವ ಮ್ಯಾಗ್ನೆಟೈಟ್ ಕಣ, ಸ್ಪಾಂಜ್ ಐರನ್ ಪುಡಿ, ಕಬ್ಬಿಣ ಕೊಯ್ದ ಪುಡಿಗಳನ್ನು. ಕೊಪ್ಪಳದ ಗಿಣಿಗೇರಿ ಕಡೆಯವರಿಗೂ ಇದೇ ತೊಂದರೆ. ಕಾಯಿಲ್‌ನ ಎರಡು ಬದಿಯ ಜಾಗ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಅಲ್ಲಿ ಸೇರಿದ ಕಬ್ಬಿಣದ ಪುಡಿ ಮುಳ್ಳಿನಂತೆ ಎದ್ದು ನಿಂತು ಕಾಯಿಲ್‌ನ ಎನಾಮೆಲ್ ಕೆರೆಯುತ್ತದೆ. ಎನಾಮೆಲ್ ಹೋದರೆ ಕಾಯಿಲ್ ಶಾರ್ಟ್.

ಮೊದಲು ಡಸ್ಟ್ ಕ್ಯಾಪ್ ನೋಡಿ, ಒಡೆದಿದೆಯೇ? ಪುಡಿ ಹೆಚ್ಚಾಗಿ ಅಲ್ಲಿಂದಲೋ ಹಿಂಬದಿಯ ಹರಿದ ಜಾಳಿಗೆಯಿಂದಲೋ ಒಳಗೆ ಬರುತ್ತದೆ. ಕ್ಯಾಪನ್ನು ಅಂಚಿನ ಗುಂಟ ಚೂಪು ಬ್ಲೇಡಿನಿಂದ ಬಿಡಿಸಿ, ಸ್ವಲ್ಪ ಅಂಟಿಕೊಂಡೇ ಇರಲಿ, ಮುಚ್ಚಳದಂತೆ ಮೇಲೆತ್ತಿ. ಕಾರ್ಡಿನ ತೆಳು ಪಟ್ಟಿಗೆ ಅಂಟುಭಾಗ ಹೊರಗೆ ಬರುವಂತೆ ಮಾಸ್ಕಿಂಗ್ ಟೇಪ್ ಸುತ್ತಿ ಗ್ಯಾಪಿಗೆ ಇಳಿಸಿ, ಎತ್ತಿ, ನೋಡಿ. ಟೇಪ್ ಕಪ್ಪಾಗುವುದು ನಿಲ್ಲುವವರೆಗೆ ಹೊಸ ಟೇಪ್ ಸುತ್ತುತ್ತಾ ಇದನ್ನೇ ಮಾಡಿ. ಗಾಳಿ ಊದಬೇಡಿ. ಊದಿದ ಪುಡಿ ಕಾಯಿಲ್‌ನ ಹಿಂಬದಿಗೆ ಹೋಗಿ ಕೂರುತ್ತದೆ, ಅಲ್ಲಿಗೆ ಟೇಪ್ ತಲುಪುವುದಿಲ್ಲ. ಸ್ಪೈಡರ್ ಕೆಳಗಿನಿಂದ ಕೆರೆತ ಬರುತ್ತಿದ್ದರೆ ಮಾತ್ರ ಕೋನ್ ಬಿಡಿಸಿ ಮಾಡುವವರ ಕೈಗೆ ಕೊಡಿ.

ಅಂಗಳದಲ್ಲಿ ಬಿಚ್ಚಿಟ್ಟು ಈ ಕೆಲಸ ಮಾಡಬೇಡಿ. ಬಿಚ್ಚಿದ ಡ್ರೈವರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಕಬ್ಬಿಣ ಕೆಲಸದ ಮೇಜಿನ ಮೇಲೆ ಇಡಲೇಬೇಡಿ.

ಹಾಲೆಂಡಿನಲ್ಲಿ ತಯಾರಾದ ಫಿಲಿಪ್ಸ್ ವಾಲ್ವ್ ರೇಡಿಯೋ ಇದೆ. ಸ್ಪೀಕರ್ ಹೋಗಿತ್ತು. 8 ಓಮ್‌ನ ಹೊಸದನ್ನು ಹಾಕಿದರೆ ದನಿ ಪಿಸುಗುಟ್ಟಿದಂತೆ ಬರುತ್ತದೆ. — ಓದುಗರು, ಗಂಗಾವತಿ

ಕೂಡಲೇ ಆರಿಸಿ. ಹಳೆಯ ಸ್ಪೀಕರ್ ಹಿಂದೆ 9710 ಎಎಂ ಎಂದು ಬರೆದಿದೆಯೇ ನೋಡಿ, ಅಥವಾ ಕಾಯಿಲ್ ತುಂಡಾಗದೆ ಇದ್ದರೆ ಮಲ್ಟಿಮೀಟರ್ ಹಚ್ಚಿ. ನೂರಾರು ಓಮ್ ತೋರಿಸಿದರೆ ಅದು 800 ಓಮ್ ಸ್ಪೀಕರ್. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಫಿಲಿಪ್ಸ್ ಸೆಟ್‌ಗಳಿಗೆಂದು ಮಾಡಿದ್ದು, ವಾಲ್ವ್‌ಗಳು ನೇರ ಅದಕ್ಕೇ ಕೆಲಸ ಮಾಡುತ್ತವೆ. 8 ಓಮ್ ಹಾಕುವುದೆಂದರೆ ಆ ವಾಲ್ವ್‌ಗಳಿಗೆ ಹೆಚ್ಚುಕಡಿಮೆ ಶಾರ್ಟ್ ಕೊಟ್ಟಂತೆ. ಅದೇ ಹೆಸರಿನ 9710 ಎಂ 7 ಓಮ್‌ನದು, ನೋಡಲು ಒಂದೇ ಥರ. ಕೊಳ್ಳುವಾಗ ಕೊನೆಯ ಅಕ್ಷರ ತಪ್ಪಿದರೆ ಹಣ ಹೋಯಿತು.

ಎಎಂ ಸಿಗುವವರೆಗೆ ಒಂದು ಉಪಾಯ ಇದೆ, ಅದು ನಮ್ಮೂರ ಮೈಕ್ ಅಂಗಡಿಗಳಲ್ಲೇ ಸಿಗುತ್ತದೆ. ಹಾರ್ನ್‌ಗಳಿಗೆ ಹಾಕುವ 100 ವೋಲ್ಟ್ ಲೈನ್ ಟ್ರಾನ್ಸ್‌ಫಾರ್ಮರ್‌ನ 10 ವ್ಯಾಟ್ ತಂತಿ ಸುಮಾರು 1000 ಓಮ್ ಎದುರು ತೋರಿಸುತ್ತದೆ, 15 ವ್ಯಾಟಿನದು ಸುಮಾರು 670. ಲೆಕ್ಕ ಸುಲಭ: 100ರ ವರ್ಗ, ಭಾಗಿಸು ವ್ಯಾಟ್. 10 ವ್ಯಾಟಿನ ತಂತಿ ರೇಡಿಯೋಗೆ, 8 ಓಮ್ ತಂತಿ ಹೊಸ ಸ್ಪೀಕರ್‌ಗೆ. ಅದಕ್ಕೂ ಮುಂಚೆ ರೇಡಿಯೋದ ಸ್ಪೀಕರ್ ತಂತಿಗಳ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಹೆಚ್ಚುಕಡಿಮೆ ಸೊನ್ನೆ ಇರಬೇಕು. ಇಲ್ಲದಿದ್ದರೆ ಒಳಗಿನ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ, ಮೊದಲು ಅದನ್ನು ಬದಲಿಸಿ. ಸ್ಪೀಕರ್ ಸುಟ್ಟದ್ದೂ ಅದರಿಂದಲೇ ಇರಬಹುದು. ಈ ಸೆಟ್‌ಗಳ ಒಳಗೆ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ, ವಾಲ್ವ್ ಕೆಲಸ ಗೊತ್ತಿರುವವರನ್ನೇ ಕೂರಿಸಿಕೊಳ್ಳಿ.

ಫಿಲಿಪ್ಸ್‌ನ 1970ರ ದಶಕದ ಡ್ರೈವರ್‌ಗಳ ನಂಬರ್ ಓದುವುದು ಕಷ್ಟವಲ್ಲ. ಎಡಿ 0160/ಟಿ8 ಎಂದರೆ ಟ್ವೀಟರ್, 8 ಓಮ್. ಎಡಿ 5060/ಎಸ್‌ಕ್ಯು8 ಎಂದರೆ 5 ಇಂಚಿನ ಮಿಡ್. ಎಡಿ 8060/ಡಬ್ಲ್ಯು8 ಎಂದರೆ 8 ಇಂಚಿನ ವೂಫರ್. ಗೆರೆಯ ನಂತರದ ಅಕ್ಷರ ಕೆಲಸವನ್ನೂ ಕೊನೆಯ ಅಂಕಿ ಓಮ್‌ಗಳನ್ನೂ ಹೇಳುತ್ತದೆ. ಟಿ8 ಬೇಕಿದ್ದಲ್ಲಿ ಟಿ4, ಟಿ15 ಕೊಂಡು ತರಬೇಡಿ.

1930ರ ದಶಕದ ರೇಡಿಯೋ ಸ್ಪೀಕರ್‌ಗೆ ನಾಲ್ಕು ತಂತಿ ಬಂದಿವೆ, ಮ್ಯಾಗ್ನೆಟ್ ಇಲ್ಲ, ಬದಲಿಗೆ ದೊಡ್ಡ ಸುರುಳಿ ಇದೆ. ಮಾಮೂಲಿ ಸ್ಪೀಕರ್ ಹಾಕಬಹುದೇ? — ಓದುಗರು, ಯಲಬುರ್ಗಾ

ಆ ಸುರುಳಿಯೇ ಮ್ಯಾಗ್ನೆಟ್. ಜೊತೆಗೆ ಅದು ರೇಡಿಯೋದ ಪವರ್ ಸಪ್ಲೈಗೆ ಚೋಕ್ (ಹಮ್ ಅಂದರೆ ಗುಂಯ್ ಸದ್ದು ತಡೆಯುವ ಸುರುಳಿ) ಕೂಡ. ಮಾಮೂಲಿ ಸ್ಪೀಕರ್ ಹಾಕಿ ಆ ಎರಡು ತಂತಿಯನ್ನು ಹಾಗೆಯೇ ಬಿಟ್ಟರೆ ಸೆಟ್ಟಿಗೆ ಎಚ್‌ಟಿ (ವಾಲ್ವ್‌ಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜ್) ಬರುವುದಿಲ್ಲ, ನೇರ ಕೂಡಿಸಿದರೆ ವೋಲ್ಟೇಜ್ ಏರಿ ಹಮ್ ಹೊಡೆಯುತ್ತದೆ. ಸುರುಳಿಯ ಓಮ್ ಅಳೆದು ಅಷ್ಟೇ ಡಿಸಿ ರೆಸಿಸ್ಟೆನ್ಸ್ ಬರುವಂತೆ ಚೋಕ್ ಮತ್ತು ರೆಸಿಸ್ಟರ್ ಸರಣಿಯಲ್ಲಿ ಹಾಕಬೇಕು. ಉದಾಹರಣೆಗೆ 1500 ಓಮ್, 60 ಮಿಲಿಆಂಪಿಯರ್ ಇದ್ದರೆ ಸುಮಾರು ಐದೂವರೆ ವ್ಯಾಟ್ ಬಿಸಿಯಾಗುತ್ತದೆ, 15 ವ್ಯಾಟಿನ ರೆಸಿಸ್ಟರ್ ಹಾಕಿ. ಕೋನ್ ಮಾತ್ರ ಹರಿದಿದ್ದರೆ ಇದ್ಯಾವುದೂ ಬೇಡ, ಕೋನ್ ಕಟ್ಟಿಸಿ.

ಬಿಬಿಸಿ ಎಲ್‌ಎಸ್3/5ಎ ಮಾದರಿಯ ಸಣ್ಣ ಸ್ಪೀಕರ್‌ಗೆ ಕೆಇಎಫ್ ಬಿ110 ಬೇಕು. ವಿದೇಶದ ಮಾರಾಟಗಾರರ ಬಳಿ ಎರಡು ಮೂರು ಥರ ಇವೆ. — ಓದುಗರು, ಕೊಪ್ಪಳ

ಬಿ110 ಎಂಬುದು ಕುಟುಂಬದ ಹೆಸರು, ನಿಮಗೆ ಬೇಕಿರುವುದು ಎಸ್‌ಪಿ ನಂಬರ್. 1970ರ ದಶಕದ 15 ಓಮ್ ಪೆಟ್ಟಿಗೆಯಾದರೆ ಬಿ110 ಎಸ್‌ಪಿ 1003. 1980ರ ದಶಕದ ಕೊನೆಗೆ ಬಂದ 11 ಓಮ್ ಪೆಟ್ಟಿಗೆಯಾದರೆ ಎಸ್‌ಪಿ 1228. ಟ್ವೀಟರ್ ಮಾತ್ರ ಎರಡಕ್ಕೂ ಟಿ27 ಎಸ್‌ಪಿ 1032. ಎರಡು ಬಿ110ಗಳ ಕ್ರಾಸೋವರ್ ಬೇರೆ ಬೇರೆ, ಒಂದರ ಜಾಗಕ್ಕೆ ಇನ್ನೊಂದು ಕೂರಿಸಿದರೆ ಹೊಂದುವುದಿಲ್ಲ. ಮೂಲದಲ್ಲಿ ಇವನ್ನು ಅಳೆದು ಜೋಡಿ ಮಾಡಿ ಹಾಕುತ್ತಿದ್ದರು, ಆದ್ದರಿಂದ ಒಂದು ಕೆಟ್ಟಿದ್ದರೂ ಜೋಡಿಯನ್ನೇ ಕೊಳ್ಳುವುದು ಒಳ್ಳೆಯದು.

ಮಾರುವವರಿಂದ ಹಣ ಕೊಡುವ ಮುಂಚೆ ಇಷ್ಟು ತರಿಸಿಕೊಳ್ಳಿ: ಹಿಂಬದಿ ಲೇಬಲ್‌ನ ಸ್ಪಷ್ಟ ಫೋಟೋ, ಓರೆ ಬೆಳಕಿನಲ್ಲಿ ಕೋನಿನ ಫೋಟೋ, ಮೀಟರ್ ಹಚ್ಚಿ ಓಮ್ ತೋರಿಸುವ ವೀಡಿಯೋ, ಕೋನನ್ನು ಮೆಲ್ಲಗೆ ಒತ್ತುವ ವೀಡಿಯೋ. ‘ಮರು ಕೋನ್ ಆಗಿದೆಯೇ’ ಎಂದು ನೇರ ಕೇಳಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ. ಅಮೆರಿಕದ ಡ್ರೈವರ್ ಆದರೆ ಚೌಕಟ್ಟಿನ ಮೇಲಿನ ಕೋಡ್ ಓದಿ: 220 ಜೆನ್ಸನ್, 137 ಸಿಟಿಎಸ್, 328 ಯೂಟಾ, 67 ಎಮಿನೆನ್ಸ್. ಅದರ ನಂತರದ ಅಂಕಿಗಳು ವರ್ಷ ಮತ್ತು ವಾರ. ವರ್ಷಕ್ಕೆ ಒಂದೇ ಅಂಕಿ ಇದ್ದರೆ ದಶಕವನ್ನು ಬೇರೆ ಕುರುಹಿನಿಂದ ತಿಳಿಯಬೇಕು.

ಸಾಗಣೆಯಲ್ಲಿ ಹಾಳಾಗುವುದು ಕೋನಿಗಿಂತ ಹೆಚ್ಚಾಗಿ ಮ್ಯಾಗ್ನೆಟ್. ಅಂಟಿನಿಂದ ನಿಂತ ಹಳೆ ಫೆರೈಟ್ ಮ್ಯಾಗ್ನೆಟ್ ಒಂದು ಬಿದ್ದ ಏಟಿಗೆ ಸರಿಯುತ್ತದೆ, ಕಾಯಿಲ್ ಸಿಕ್ಕಿಹಾಕಿಕೊಂಡು ಕೋನ್ ಅಲುಗುವುದಿಲ್ಲ. ಡ್ರೈವರನ್ನು ಪ್ಲೈವುಡ್ ಹಲಗೆಗೆ ಸ್ಕ್ರೂ ಹಾಕಿ, ಮ್ಯಾಗ್ನೆಟ್ ಹಿಂದೆ ಥರ್ಮೋಕೋಲ್ ಗಟ್ಟಿಯಾಗಿ ಕೊಟ್ಟು, ಎರಡು ಪೆಟ್ಟಿಗೆಯೊಳಗೆ ಕಳಿಸಲು ಹೇಳಿ. ಖರ್ಚು ಕೊಡಿ, ಜಿಪುಣತನ ಬೇಡ. ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಸೇರಿಸಿ.

ವಿದೇಶದಿಂದ ತರಿಸಲು ಆಗದವರು ಎಲ್ಲಿ ಹುಡುಕಬೇಕು? — ಓದುಗರು, ಸಿಂಧನೂರು

ಬೆಂಗಳೂರಿನ ಎಸ್‌ಪಿ ರೋಡ್, ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ, ಮುಂಬೈನ ಲ್ಯಾಮಿಂಗ್ಟನ್ ರೋಡ್ ಮತ್ತು ಚೋರ್ ಬಜಾರ್, ಚೆನ್ನೈನ ರಿಚಿ ಸ್ಟ್ರೀಟ್. ರಾಯಚೂರು ಮುಂಬೈ–ಚೆನ್ನೈ ರೈಲು ಮಾರ್ಗದಲ್ಲೇ ಇರುವುದರಿಂದ ನಿಮ್ಮ ಜಿಲ್ಲೆಯವರಿಗೆ ಎರಡೂ ಊರು ನೇರ ದಾರಿ. ಹೊಸ ಸಾಮಾನು ಮಾರುವ ಅಂಗಡಿಗಳಿಗಿಂತ ಹಳೆ ಡೆಕ್, ಆಂಪ್ಲಿಫೈಯರ್ ರಿಪೇರಿ ಮಾಡುವವರ ಅಟ್ಟದ ಮೇಲೆ ಹೆಚ್ಚು ಸಿಗುತ್ತದೆ. ಸೋನೋಡೈನ್, ಕಾಸ್ಮಿಕ್, ಬೋಲ್ಟನ್, ನಾರ್ಜ್‌ನಂಥ ನಮ್ಮ ದೇಶದ ಸ್ಪೀಕರ್‌ಗಳ ಡ್ರೈವರ್ ಬೇಕಾದರೆ ಒಂದೇ ಡ್ರೈವರ್‌ಗೆ ಅಲೆಯಬೇಡಿ. ಪೆಟ್ಟಿಗೆ ಗೆದ್ದಲು ಹಿಡಿದ, ಡ್ರೈವರ್ ಗಟ್ಟಿಯಿರುವ ಇಡೀ ಸ್ಪೀಕರ್ ಕೊಂಡುಬಿಡಿ. ಬೆಲೆಯೂ ಕಡಿಮೆ ಬೀಳುತ್ತದೆ, ಕ್ರಾಸೋವರ್ ಸಮೇತ ಬರುತ್ತದೆ. ಹೋಗುವಾಗ ಮಲ್ಟಿಮೀಟರ್, ಒಂದು ಸೆಲ್, ನಿಮ್ಮ ಹಳೆ ಡ್ರೈವರ್‌ನ ಹಿಂಬದಿ ಫೋಟೋ ಜೊತೆಗಿರಲಿ. 8 ಓಮ್ ಡ್ರೈವರ್ ಮೀಟರ್‌ನಲ್ಲಿ 5.5ರಿಂದ 7, 4 ಓಮ್ 3ರಿಂದ 3.5, 16 ಓಮ್ 11ರಿಂದ 13 ತೋರಿಸುವುದು ವಾಡಿಕೆ.

ಯಮಹಾ ಎನ್‌ಎಸ್-10ಎಂ ವೂಫರ್ ಹೊಸದು, ಒರಿಜಿನಲ್ ಎಂದು ಮಾರುತ್ತಿದ್ದಾರೆ. ನಂಬಬಹುದೇ? — ಓದುಗರು, ಕುಷ್ಟಗಿ

ಆ ಸ್ಪೀಕರ್ ತಯಾರಿಕೆ 2001ರಲ್ಲೇ ನಿಂತಿದೆ, ಕೋನಿಗೆ ಬೇಕಾದ ತಿರುಳು ಸಿಗದೆ. ‘ಹೊಸದು’ ಎಂದರೆ ಅನುಮಾನಿಸಿ. ಬಿಳಿ ಕೋನನ್ನು ಹತ್ತಿರದಿಂದ ನೋಡಿ. ಒರಿಜಿನಲ್ ಕೋನ್ ಚಪ್ಪಟೆ ಹಾಳೆಯನ್ನು ಸುತ್ತಿ ಅಂಟಿಸಿದ್ದು, ಆದ್ದರಿಂದ ನಡುವಿನಿಂದ ಅಂಚಿನವರೆಗೆ ಒಂದು ಜೋಡಣೆಯ ಗೆರೆ ಇರುತ್ತದೆ. ಅಚ್ಚಿನಲ್ಲಿ ಒತ್ತಿದ, ಗೆರೆಯಿಲ್ಲದ ಕೋನಾದರೆ ಅದು ಬೇರೆಯವರು ಮಾಡಿದ ಬದಲಿ. ಹಿಂದೆ ಜೆಎ 1801 ಎಂದಿರಬೇಕು.

ಎರಡು ವೂಫರ್ ನೋಡಲು ಒಂದೇ. ಒಳಗಿನಿಂದಲೂ ಒಂದೇ ಎಂದು ಮನೆಯಲ್ಲೇ ತಿಳಿಯುವ ದಾರಿ ಇದೆಯೇ? — ಓದುಗರು, ಮಾನ್ವಿ

ಇದೆ. 1000 ಓಮ್ ರೆಸಿಸ್ಟರ್, ಆಂಪ್ಲಿಫೈಯರ್, ಫೋನಿನಲ್ಲಿ ಟೋನ್ ಆ್ಯಪ್, ಎಸಿ ಮಿಲಿವೋಲ್ಟ್ ಅಳೆಯುವ ಮೀಟರ್ ಬೇಕು. ವೂಫರನ್ನು ಪೆಟ್ಟಿಗೆಯಿಂದ ಬಿಚ್ಚಿ, ನೇರ ನಿಲ್ಲಿಸಿ ಹಿಡಿಯಿರಿ. ಹಿಂಬದಿ ನೆಲಕ್ಕೆ ತಾಗದಿರಲಿ. ಆಂಪ್ಲಿಫೈಯರ್‌ನ ಒಂದು ತಂತಿಗೆ ರೆಸಿಸ್ಟರ್ ಸೇರಿಸಿ ವೂಫರ್‌ಗೆ ಕೊಡಿ, ಔಟ್‌ಪುಟ್ ಒಂದು ವೋಲ್ಟ್‌ನಷ್ಟಿರಲಿ. ಮೀಟರ್ ವೂಫರ್‌ನ ಟರ್ಮಿನಲ್ ಮೇಲೆ. 100 ಹರ್ಟ್ಜ್‌ನಿಂದ ಒಂದೊಂದಾಗಿ ಕೆಳಗಿಳಿಯಿರಿ. ಮಿಲಿವೋಲ್ಟ್ ಏರುತ್ತಾ ಹೋಗಿ ಒಂದು ಕಡೆ ಶಿಖರ ಮುಟ್ಟಿ ಮತ್ತೆ ಇಳಿಯುತ್ತದೆ. ಆ ಶಿಖರದ ಹರ್ಟ್ಜ್ ಅದರ ಅನುರಣನ. ಎರಡರ ನಡುವೆ ಎರಡು ಮೂರು ಹರ್ಟ್ಜ್ ವ್ಯತ್ಯಾಸ ಸಹಜ. ಹತ್ತು ಬಂದರೆ ಒಂದರ ಕೋನ್, ಸ್ಪೈಡರ್ ಅಥವಾ ಅಂಚು ಬದಲಾಗಿದೆ. ಹರ್ಟ್ಜ್ ಒಂದೇ ಇದ್ದು ಶಿಖರದ ಎತ್ತರ ಬಹಳ ಕಡಿಮೆಯಿದ್ದರೆ ಆ ಡ್ರೈವರ್‌ನ ಮ್ಯಾಗ್ನೆಟ್ ಸೋತಿರಬಹುದು, ಆಲ್ನಿಕೋ ಆದರೆ ಮೊದಲ ಅನುಮಾನವೇ ಅದು. ವರ್ಷಗಟ್ಟಲೆ ಸುಮ್ಮನಿದ್ದ ಡ್ರೈವರ್ ಬಿಗಿದುಕೊಂಡಿರುತ್ತದೆ. ಅಳೆಯುವ ಮುಂಚೆ ಒಂದು ಗಂಟೆ 30 ಹರ್ಟ್ಜ್‌ನಲ್ಲಿ ಸಣ್ಣಗೆ ಆಡಿಸಿ.

ಜಾತ್ರೆಗೆ ಕಟ್ಟುವ ಹಳೆ ಅಹುಜಾ ಹಾರ್ನ್‌ಗಳ ಯೂನಿಟ್ ಪದೇ ಪದೇ ಸುಡುತ್ತದೆ. ಇಡೀ ಯೂನಿಟ್ ಬದಲಿಸಬೇಕೇ? — ಓದುಗರು, ಸಿರುಗುಪ್ಪ

ಬೇಡ, ಡಯಾಫ್ರಾಮ್ (ಯೂನಿಟ್ ಒಳಗೆ ಕಾಯಿಲ್ ಸಮೇತ ಆಡುವ ತೆಳು ಪರದೆ) ಸಾಕು. ಯೂನಿಟ್ ಮಾದರಿ ಸಂಖ್ಯೆ ಹೇಳಿ ಕಂಪನಿಯ ಡಯಾಫ್ರಾಮನ್ನೇ ತರಿಸಿ. ಅಗ್ಗದ ನಕಲಿಯ ಕಾಯಿಲ್ ವ್ಯಾಸ ಕೂದಲೆಳೆಯಷ್ಟು ಬೇರೆಯಿದ್ದರೂ ಗ್ಯಾಪಿನಲ್ಲಿ ಉಜ್ಜುತ್ತದೆ. ಹಾಕುವ ಮುಂಚೆ ಗ್ಯಾಪನ್ನು ಟೇಪಿನಿಂದ ಶುಚಿ ಮಾಡಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಸಣ್ಣ ಟೋನ್ ಕೊಟ್ಟು ಕೇಳಿ, ಆಮೇಲೆ ಪೂರ್ತಿ ಬಿಗಿಯಿರಿ. ಪದೇ ಪದೇ ಸುಡುವುದಕ್ಕೆ ಕಾರಣ ಮಾತ್ರ ಯೂನಿಟ್ ಅಲ್ಲ. ಆಂಪ್ಲಿಫೈಯರ್‌ನ ಬಾಸ್ ಗುಂಡಿ ಪೂರ್ತಿ ಇಳಿಸಿ, ಹಾರ್ನ್‌ಗೆ 300 ಹರ್ಟ್ಜ್ ಕೆಳಗಿನ ಸ್ವರ ಕೊಡಬೇಡಿ. ಯೂನಿಟ್ಟನ್ನು ಹಾರ್ನ್‌ನಿಂದ ಬಿಚ್ಚಿ ಬರಿದಾಗಿ ಜೋರು ಪರೀಕ್ಷೆ ಮಾಡುವ ಅಭ್ಯಾಸವನ್ನೂ ಬಿಡಿ. ಎದುರಿಗೆ ಹಾರ್ನ್‌ನ ಗಾಳಿಯ ಭಾರ ಇಲ್ಲದಾಗ ಡಯಾಫ್ರಾಮ್ ಮಿತಿಮೀರಿ ಕುಣಿದು ಅಂಚಿನಲ್ಲಿ ಸೀಳುತ್ತದೆ.